ಬಡಗಣ ಕಿಟಕಿಯಲ್ಲಿ ಕಲ್ಲು ನೋಡುತ್ತಿದ್ದವರು

ಹೋದ ವಾರ ಕೆಂಗೇರಿಯಿಂದ ಒಂದು ಕಾರ್ಡು ಬಂತು. ಯಾರ ಕೈಯಲ್ಲೋ ಬರೆಸಿದ್ದು, ಮೂರೇ ಸಾಲು. ‘ನಮ್ಮವರು ಸೋಮವಾರ ಲಿಂಗೈಕ್ಯರಾದರು. ನೀವು ಮನೆಗೆ ಬರುತ್ತಿದ್ದಿರಿ. ತಿಳಿಸಬೇಕು ಅನ್ನಿಸಿತು.’ ಓದಿ, ಕಪಾಟಿನ ಮೇಲಿಟ್ಟು, ಹಾಲು ಕಾಯಿಸಲು ಹೋದೆ. ಹಾಲು ಉಕ್ಕುವ ಮೊದಲೇ ಒಲೆ ಆರಿಸಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದೆ. ಏಳು ವರ್ಷವಾಯಿತು, ಕುದಿಯುವ ಯಾವುದರ ಮೇಲೂ ನಾನು ಬಗ್ಗಿ ನೋಡುವುದಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಪೊಲೀಸರ ಒಂದು ಕಾಗದದಲ್ಲಿದೆ. ಕೆಳಗೆ ಅವರ ಹೆಬ್ಬೆಟ್ಟಿನ ಗುರುತು, ಮೇಲೆ ಬರೆದಿರುವುದು ಸುಳ್ಳು. ಅವರಿಗೆ ಓದು ಬರಹ ಬಾರದೆ ಹೆಬ್ಬೆಟ್ಟು ಒತ್ತಿದ್ದಲ್ಲ. ಅವರ ಅಕ್ಷರ ನನ್ನ ಅಕ್ಷರಕ್ಕಿಂತ ದುಂಡಗಿತ್ತು.

ನಾನು ಬಿ.ಎಸ್ಸಿ. ಮುಗಿಸಿ, ಎರಡು ವರ್ಷ ಮನೆಯಲ್ಲೇ ಕೂತು, ಕೊನೆಗೆ ರಾಜಾಜಿನಗರದ ಒಂದು ಮನೆಯಲ್ಲಿ ನಡೆಯುತ್ತಿದ್ದ ವಜ್ರದ ಕೆಲಸಕ್ಕೆ ಸೇರಿದ್ದೆ. ಹೊರಗಿನಿಂದ ನೋಡಿದರೆ ಅದು ಬೀದಿಯ ಉಳಿದ ಮನೆಗಳಂತೆಯೇ ಇತ್ತು. ಮುಂದಿನ ಕೋಣೆಯಲ್ಲಿ ಯಜಮಾನರು ಗಿರಾಕಿಗಳನ್ನು ಕೂರಿಸಿಕೊಂಡು ಮಾತನಾಡುತ್ತಿದ್ದರು. ನಡುಮನೆಯಲ್ಲಿ ನಾಲ್ಕು ಸಾಣೆ ಚಕ್ರಗಳು ತಿರುಗುತ್ತಿದ್ದವು. ಹಿತ್ತಿಲಲ್ಲಿ ಒಗೆಯುವ ಕಲ್ಲು, ನಲ್ಲಿ, ಒಂದು ಸೀಮೆಎಣ್ಣೆ ಒಲೆ. ಕಲ್ಲುಗಳನ್ನು ತೂಗಿ, ಒಳಗೆ ನೀಲಿ ಹಾಳೆ ಇರುವ ಬಿಳಿ ಕಾಗದದಲ್ಲಿ ಮಡಿಸಿ, ಮೇಲೆ ತೂಕ ಬರೆಯುವುದು ನನ್ನ ಕೆಲಸ. ಕಲ್ಲನ್ನು ನೋಡಿ ಅದು ಎಂಥದೆಂದು ಹೇಳುವುದು ಅವರದು. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ನಾನು ಸಾರ್ ಎನ್ನುತ್ತಿದ್ದೆ.

ಗದಗದ ಕಡೆಯವರು. ಹದಿನಾರಕ್ಕೆ ಮುಂಬಯಿಗೆ ಓಡಿಹೋಗಿ ಇಪ್ಪತ್ತು ವರ್ಷ ಸಾಣೆ ಹಿಡಿದು ಬಂದವರು. ಕತ್ತಿನ ತನಕ ಗುಂಡಿ ಹಾಕಿದ ಬಿಳಿ ಅಂಗಿ, ಬಿಳಿ ಪಂಚೆ. ಬಲಗಣ್ಣಿನ ಸುತ್ತ ಒಂದು ಉಂಗುರದಂಥ ಗುರುತು. ಕಲ್ಲು ನೋಡುವ ಐಗ್ಲಾಸನ್ನು ಹುಬ್ಬಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ಆದದ್ದು. ಅದು ಇಲ್ಲದಾಗಲೂ ಒಂದು ಕಣ್ಣನ್ನು ಅರೆ ಮುಚ್ಚಿಯೇ ಲೋಕವನ್ನು ನೋಡುತ್ತಿದ್ದರು. ಬೀದಿಗೆ ತರಕಾರಿ ಗಾಡಿ ಬಂದರೆ ಬದನೆಕಾಯನ್ನೂ ಬೆಳಕಿಗೆ ಹಿಡಿದು ತೊಟ್ಟು ತಿರುಗಿಸಿ ನೋಡುವರು. ಗಾಡಿಯವನು ಒಮ್ಮೆ ತಾಳ್ಮೆ ಕಳೆದುಕೊಂಡು, ‘ಸಾಮಿ, ಬದ್ನೆಕಾಯಿ ತಗೊಳ್ತೀರೋ, ಸಂಬಂಧ ನೋಡ್ತಾ ಇದೀರೋ?’ ಎಂದ. ಅವರು ಗಂಭೀರವಾಗಿ, ‘ಸಂಬಂಧಾನೂ ಹಿಂಗ ನೋಡಿದ್ರ ಛಲೋ ಇರ್ತದಪ್ಪಾ’ ಎಂದು ಮೂರು ಕಾಯಿ ಆರಿಸಿಕೊಂಡು ಒಳಗೆ ಬಂದರು.

ಕಲ್ಲು ನೋಡುವುದು ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾತ್ರ, ಅದೂ ಬಡಗಣ ಕಿಟಕಿಯ ಹತ್ತಿರ. ಬಡಗಣ ಬೆಳಕು ಓಡುವುದಿಲ್ಲ, ಒಂದೇ ಸಮ ನಿಂತಿರುತ್ತದೆ ಎನ್ನುತ್ತಿದ್ದರು. ಬಿಳಿ ಕಾಗದವನ್ನು ಮಡಿಸಿ, ಆ ಮಡಿಕೆಯಲ್ಲಿ ಕಲ್ಲನ್ನು ಬೋರಲು ಹಾಕಿ, ಪಕ್ಕದಿಂದ ಬಣ್ಣ ನೋಡುವರು. ಅವರ ದರ್ಜೆಗಳಿಗೆ ಅವರದೇ ಹೆಸರು: ನೀರು, ಹಾಲು, ಕೆನೆ, ಚಹಾ. ಕೆಲಸಕ್ಕೆ ಸೇರಿದ ಮೂರನೆಯ ದಿನ ನಾನು ಗಿಳಿಹಸಿರು ಸೀರೆ ಉಟ್ಟು ಹೋಗಿದ್ದೆ. ಮೇಜಿನ ಹತ್ತಿರ ನಿಂತದ್ದೇ ತಡ, ಅವರು ಚಿಮಟ ಕೆಳಗಿಟ್ಟರು.

‘ತಂಗಿ, ಆ ಕಡೆ ಸರಿ. ನಿನ್ನ ಸೀರಿ ಕಲ್ಲಿನಾಗ ಬರಾಕತ್ತೈತಿ.’

ಮರುದಿನದಿಂದ ನಾನು ಕಾಲೇಜಿನ ಪ್ರಯೋಗಶಾಲೆಯ ಹಳೆಯ ಬಿಳಿ ಕೋಟನ್ನು ಸೀರೆಯ ಮೇಲೆ ಹಾಕಿಕೊಂಡು ಕೂರತೊಡಗಿದೆ.

ಯುಗಾದಿಗೆ ಪಕ್ಕದ ಮನೆಯ ನಿವೃತ್ತ ಗುಮಾಸ್ತರು ತಮ್ಮ ಗೋಡೆಗೆ ಹಳದಿ ಬಣ್ಣ ಹೊಡೆಸಿದಾಗ ಮೇಸ್ತ್ರಿ ಕೈಜೋಡಿಸಿಕೊಂಡೇ ಹೋದರು. ನಾನೂ ಜೊತೆಗಿದ್ದೆ.

‘ನಿಮ್ಮ ಗ್ವಾಡಿ ಬಣ್ಣಕ್ಕ ನನ್ನ ಹಾಲೆಲ್ಲಾ ಚಹಾ ಆಗೈತ್ರಿ.’

‘ಏನ್ರೀ ಹಂಗಂದ್ರೆ? ನಿಮ್ಮ ಮನೆ ಹಾಲಿಗೂ ನನ್ನ ಗೋಡೆಗೂ ಏನ್ರೀ ಸಂಬಂಧ?’ ಎಂದರು ಗುಮಾಸ್ತರು. ವಿಷಯ ತಿಳಿದ ಮೇಲೂ ಗೋಡೆ ಬದಲಾಗಲಿಲ್ಲ. ಅಂದಿನಿಂದ ಮೇಸ್ತ್ರಿ ದಿನಾ ಹತ್ತು ಗಂಟೆಗೆ ಕಿಟಕಿಯ ಹೊರಗೆ ಒಂದು ಬಿಳಿ ದುಪ್ಪಟಿ ಕಟ್ಟಿ, ಹನ್ನೆರಡಕ್ಕೆ ಬಿಚ್ಚಿ ಮಡಿಸುತ್ತಿದ್ದರು. ಗುಮಾಸ್ತರ ಹೆಂಡತಿ ನನ್ನನ್ನು ಗೇಟಿನ ಹತ್ತಿರ ತಡೆದು, ‘ಅಲ್ಲಾ ಕಣಮ್ಮ, ಆ ಯಪ್ಪ ದಿನಾ ಅದೊಂದೇ ಬಟ್ಟೆ ಒಗೀತಾರಲ್ಲ, ಮಡಿ ಏನಾದ್ರೂ ಜಾಸ್ತೀನಾ?’ ಎಂದು ಕೇಳಿದ್ದರು.

ನಾನು ಓದಿದವಳೆಂಬ ಹಮ್ಮು ನನಗಿತ್ತು. ಒಂದು ದಿನ, ‘ಇದೂ ಇದ್ದಿಲೂ ಒಂದೇ ಸಾರ್, ಎರಡೂ ಇಂಗಾಲ’ ಎಂದೆ. ಅವರು ಐಗ್ಲಾಸನ್ನು ಸಿಕ್ಕಿಸಿಕೊಂಡು ಮುಂದಿನ ಕಲ್ಲು ಎತ್ತಿಕೊಂಡರು. ಮರುದಿನ ಮನೆಯ ಒಲೆಯಿಂದ ಒಂದು ಇದ್ದಿಲ ಚೂರು ತಂದು, ಬಿಳಿ ಕಾಗದದ ಮಡಿಕೆಯಲ್ಲಿ ಕಲ್ಲಿನ ಪಕ್ಕ ಇಟ್ಟು, ಐಗ್ಲಾಸನ್ನು ನನ್ನ ಕಡೆ ಚಾಚಿ, ‘ಹೇಳವಾ, ಇದು ಹಾಲೋ, ಕೆನಿಯೋ?’ ಎಂದರು. ಸಾಣೆಯ ಹತ್ತಿರ ಕೂತಿದ್ದವರೆಲ್ಲ ಚಕ್ರ ನಿಲ್ಲಿಸಿ ನಕ್ಕರು. ನಗು ಮುಗಿದ ಮೇಲೆ ಅವರು ಸ್ಟೂಲನ್ನು ಹತ್ತಿರ ಎಳೆದುಕೊಂಡು, ಅದು ಹೇಗೆ ಹೀಗಾಗುತ್ತದೆಂದು ನಿಜವಾಗಿಯೂ ಕೇಳಿದರು. ನೆಲದಡಿ ನೂರು ಮೈಲಿ ಆಳ, ತಾಮ್ರ ಕರಗುವ ಕಾವು, ಬೆಟ್ಟಗಳ ಮೇಲೆ ಬೆಟ್ಟ ಪೇರಿಸಿದಷ್ಟು ಒತ್ತಡ, ಎಷ್ಟೋ ಕೋಟಿ ವರ್ಷ. ಆಮೇಲೆ ಒಂದು ದಿನ ಬೆಂಕಿಯ ಬೆಟ್ಟ ಅದನ್ನು ಗಂಟಲಿನಿಂದ ಕೆಮ್ಮಿ ಮೇಲಕ್ಕೆ ಉಗುಳುತ್ತದೆ ಎಂದೆ. ಐಗ್ಲಾಸನ್ನು ಒರೆಸುತ್ತ ಕೇಳಿದರು.

‘ಅಷ್ಟು ತ್ರಾಸು ಪಟ್ಟು ಬಂದದ್ದನ್ನ ನಾವು ಕಲಿ ಐತಿ ಅಂತ ಬಿಸಾಕ್ತೀವಲ್ಲ.’

ಕಲೆಗಳೇ ಅವರ ನಿತ್ಯದ ಕೆಲಸ. ಚುಕ್ಕಿ, ಗೆರೆ, ಮೋಡ. ಎಲ್ಲಕ್ಕಿಂತ ಕೆಟ್ಟದ್ದು ಕಾಗೆಕಾಲು: ಕಲ್ಲಿನೊಳಗೆ ಕಪ್ಪಾಗಿ ಮೂರು ಕವಲೊಡೆದ ಬಿರುಕು. ಅಂಥದ್ದು ಮನೆಗೆ ಬಂದರೆ ಮನೆ ಉಳಿಯುವುದಿಲ್ಲವೆಂದು ವಿಜಯನಗರ, ಬಸವೇಶ್ವರನಗರದ ದೊಡ್ಡ ಮನೆತನದವರೂ ನಂಬಿದ್ದರು. ಅದಕ್ಕೇ ವಜ್ರವನ್ನು ಯಾರೂ ಒಮ್ಮೆಗೇ ಕೊಳ್ಳುತ್ತಿರಲಿಲ್ಲ. ಮೂರು ದಿನ ಮನೆಗೆ ಒಯ್ದು ದೇವರ ಮುಂದಿಟ್ಟು, ಆಗಿಬರುತ್ತದೆಯೋ ಇಲ್ಲವೋ ನೋಡುತ್ತಿದ್ದರು. ಮಗುವಿಗೆ ಜ್ವರ ಬಂತೆಂದೋ, ಹಾಲು ಒಡೆಯಿತೆಂದೋ ವಾಪಸು ತರುವರು. ಮೇಸ್ತ್ರಿ ಒಮ್ಮೆಯೂ ನಗದೆ ಇಸಿದುಕೊಳ್ಳುತ್ತಿದ್ದರು. ಗಿರಾಕಿಗಳು ಹೋದ ಮೇಲೆ ಆ ಕಲ್ಲನ್ನು ಬಟ್ಟೆಯಿಂದ ಒರೆಸಿ ಬೇರೆ ಕಾಗದಕ್ಕೆ ಹಾಕುತ್ತ, ‘ಹಾಲು ಒಡದದ್ದು ಈ ಕಲ್ಲಿನ ತಲಿಮ್ಯಾಲೆ ಬಂತು ನೋಡು’ ಎನ್ನುತ್ತಿದ್ದರು.

ಯಜಮಾನರಿಗೂ ಅವರಿಗೂ ಇದ್ದ ಜಗಳ ಒಂದೇ. ಕಲ್ಲು ಕಡಿಯುವಾಗ ತೂಕ ಉಳಿಯಲಿ ಎಂದು ಯಜಮಾನರು. ಹಾಗೆ ಉಳಿಸಿದರೆ ಕಲ್ಲಿನ ಕೆಳಭಾಗ ದಪ್ಪವಾಗಿ, ಒಳಹೊಕ್ಕ ಬೆಳಕು ಮೇಲೆ ಬಾರದೆ ಕೆಳಗೆ ಸೋರಿಹೋಗುತ್ತದೆ ಎಂದು ಮೇಸ್ತ್ರಿ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ ಮೇಸ್ತ್ರಿ’ ಎನ್ನುವುದು ಯಜಮಾನರ ಕೊನೆಯ ಮಾತು. ಕೆಟ್ಟವರಲ್ಲ ಅವರು. ಅವಸರದವರು. ಚಿನ್ನದ ಅಂಗಡಿಯ ಮನೆತನದಿಂದ ಬಂದವರು. ವಜ್ರವನ್ನು ಮಾರುವುದು ಗೊತ್ತಿತ್ತು, ಹಿತ್ತಿಲಿನಲ್ಲಿ ಅದಕ್ಕೆ ಏನೇನು ಮಾಡುತ್ತಾರೆಂಬುದು ಗೊತ್ತಿರಲಿಲ್ಲ.

ಹಿತ್ತಿಲಿನಲ್ಲಿ ಮಾಡುತ್ತಿದ್ದದ್ದು ಕುದಿಸುವುದು. ಸಾಣೆಯಿಂದ ಇಳಿದ ಕಲ್ಲಿಗೆ ಎಣ್ಣೆ, ಕರಿ ಮೆತ್ತಿರುತ್ತದೆ. ಹಳೆಯ ಓಲೆಯಿಂದ ಬಿಚ್ಚಿದ್ದಾದರೆ ವರ್ಷಗಟ್ಟಲೆಯ ಬೆವರು, ಸೋಪು, ಹರಳೆಣ್ಣೆ. ಅದು ಬಿರುಕಿನೊಳಗೂ ಇಳಿದಿರುತ್ತದೆ. ಪಿಂಗಾಣಿ ಬಟ್ಟಲಿನಲ್ಲಿ ಗಂಧಕಾಮ್ಲ ಹಾಕಿ, ಪಟಾಕಿ ಮದ್ದಿಗೆ ಹಾಕುವ ಪೆಟ್ಲುಪ್ಪನ್ನು ಒಂದು ಚಿಟಿಕೆ ಸೇರಿಸಿ, ಕಲ್ಲುಗಳನ್ನು ಬಿಟ್ಟು ಕುದಿಸಿದರೆ ವಜ್ರ ಬಿಟ್ಟು ಉಳಿದದ್ದೆಲ್ಲ ಕರಗಿಹೋಗುತ್ತದೆ. ಆಮೇಲೆ ಒಲೆ ಆರಿಸಿ ಒಂದು ಗಂಟೆ ಹಾಗೇ ಬಿಡಬೇಕು. ಆ ಒಂದು ಗಂಟೆ ಮೇಸ್ತ್ರಿ, ಒರೆಸಲು ಬಟ್ಟೆ ಹಿಡಿದು ನಿಲ್ಲುವ ನನ್ನನ್ನು ಬಿಟ್ಟರೆ, ಅದರ ಹತ್ತಿರ ಬೇರೆ ಯಾರನ್ನೂ ಸೇರಿಸುತ್ತಿರಲಿಲ್ಲ.

ಅಂದು ಗುರುವಾರ. ವಿಜಯನಗರದ ಒಬ್ಬರು ಹೆಂಗಸು ತಮ್ಮ ತಾಯಿಯ ಓಲೆಯ ಹದಿನಾಲ್ಕು ಕಲ್ಲು ಕೊಟ್ಟಿದ್ದರು, ಕಿವಿಗೆ ಏಳರಂತೆ. ಮಗಳ ನಿಶ್ಚಿತಾರ್ಥಕ್ಕೆ ಹೊಸದಾಗಿ ಕಟ್ಟಿಸಬೇಕು. ಕಟ್ಟಿಸುವ ಮೊದಲು, ಶುದ್ಧ ಮಾಡಿದ ಕಲ್ಲನ್ನು ಮೂರು ದಿನ ದೇವರ ಮುಂದಿಡಬೇಕು. ಅದರಲ್ಲಿ ಒಂದು ಕಲ್ಲಿನಲ್ಲಿ ಕಪ್ಪು ಕವಲು ಕಾಣುತ್ತಿತ್ತು. ಆಕೆ ಅದನ್ನು ಕಂಡಾಗಿನಿಂದ ಊಟ ಬಿಟ್ಟಿದ್ದರು. ‘ಕಾಗಿಕಾಲಲ್ಲರೀ ತಾಯಿ, ಬಿರುಕಿನ್ಯಾಗ ಕೊಳಿ ಕುಂತೈತಿ. ಕುದಿಸಿದ್ರ ಗೊತ್ತಾಗ್ತದ’ ಎಂದು ಮೇಸ್ತ್ರಿ ಸಮಾಧಾನ ಹೇಳಿದ್ದರು.

ಅಂದು ಪವರ್ ಕಟ್. ಚಕ್ರಗಳು ನಿಂತು ಮನೆ ನಿಶ್ಶಬ್ದವಾಗಿತ್ತು. ಆಕೆ ಹನ್ನೆರಡೂವರೆಗೇ ಬಂದು ಮುಂದಿನ ಕೋಣೆಯಲ್ಲಿ ಕೂತರು. ಒಂದೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಕಲ್ಲು ಮನೆ ಸೇರಬೇಕು. ಮೇಸ್ತ್ರಿ ಒಲೆ ಆರಿಸಿದಾಗ ಒಂದು ಗಂಟೆ ಹೊಡೆದಿತ್ತು. ಯಜಮಾನರು ಹಿತ್ತಿಲ ಬಾಗಿಲಿಗೆ ಬಂದರು.

‘ಆಯ್ತಾ ಮೇಸ್ತ್ರಿ?’

‘ಆರಬೇಕ್ರಿ.’

‘ಎಷ್ಟೊತ್ತು?’

‘ಎರಡರ ಸುಮಾರಿಗೆ ಕೊಡ್ತೀನ್ರಿ.’

‘ಎರಡಕ್ಕೆ ಕೊಟ್ರೆ ಅವರು ಮುಟ್ತಾರೇನ್ರೀ? ರಾಹುಕಾಲ! ಆಯಮ್ಮ ಆಗ್ಲೇ ಬಾಗಿಲಲ್ಲಿ ನಿಂತವ್ರೆ.’

‘ರಾಹುಕಾಲ ನನಗ ಗೊತ್ತಿಲ್ರಿ. ಇದು ಆರಬೇಕು.’

ಯಜಮಾನರು ಒಳಗೆ ಹೋದರು. ಮೇಸ್ತ್ರಿ ಉದ್ದನೆಯ ಚಿಮಟ ಹಿಡಿದು ಬಟ್ಟಲಿನ ಮೇಲೆ ಬಗ್ಗಿ ಕಲ್ಲು ಎಣಿಸತೊಡಗಿದರು. ನಾನು ಅವರ ಎಡಕ್ಕೆ, ಒಗೆಯುವ ಕಲ್ಲಿನ ಪಕ್ಕ, ಬಿಳಿ ಬಟ್ಟೆ ಹಿಡಿದು ನಿಂತಿದ್ದೆ. ‘ಹದಿಮೂರು ಕಾಣ್ತಾವು ತಂಗಿ, ಇನ್ನೊಂದು ತಳಕ್ಕ ಹತ್ತೇತಿ ಏನೋ’ ಎಂದರು. ಆಗ ಯಜಮಾನರು ಮತ್ತೆ ಬಂದರು. ಕೈಯಲ್ಲಿ ನೀರು ತುಂಬಿದ ತಾಮ್ರದ ಚೊಂಬಿತ್ತು.

ಚಿನ್ನ ಮಾಡುವವರು ಕಾದದ್ದನ್ನು ನೀರಿಗೆ ಅದ್ದುತ್ತಾರೆ. ಹುಟ್ಟಿದಂದಿನಿಂದ ಅವರು ನೋಡಿದ್ದು ಅದನ್ನೇ. ಬಾಗಿಲಿನಿಂದ ಒಲೆಗೆ ಆರು ಹೆಜ್ಜೆ. ನಾನು ಎಷ್ಟೋ ಸಲ ಮನಸ್ಸಿನಲ್ಲೇ ನಡೆದು ನೋಡಿದ್ದೇನೆ, ಆರೇ ಹೆಜ್ಜೆ. ಎರಡನೆಯ ಹೆಜ್ಜೆಗೆ ನನಗೆ ಅರ್ಥವಾಯಿತು ಅವರು ಏನು ಮಾಡಲಿದ್ದಾರೆಂದು. ನನ್ನ ತಮ್ಮ ಆಗಿದ್ದರೆ ‘ಹಾಕ್ಬೇಡ್ವೋ!’ ಎಂದು ಕಿರುಚಿ ಕೈಗೆ ಹೊಡೆಯುತ್ತಿದ್ದೆ. ಆದರೆ ಇವರು ಯಜಮಾನರು, ನನ್ನ ತಂದೆಯ ವಯಸ್ಸಿನವರು. ಒಳಗೆ ಗಿರಾಕಿ ಕಾಯುತ್ತಿದ್ದಾರೆ. ನನ್ನ ಬಾಯಿಗೆ ಬಂದದ್ದು ಹೀಗೆ:

‘ಸಾರ್, ಒಂದ್ನಿಮಿಷ ಸಾರ್, ಅದು ಸ್ವಲ್ಪ—’

‘ಆಯ್ತಮ್ಮ, ಆಗೇಹೋಯ್ತು’ ಎಂದರು ಯಜಮಾನರು ನಗುತ್ತಲೇ. ಚೊಂಬು ಬಗ್ಗಿತು.

ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ನನ್ನ ದನಿ ಕೇಳಿ ಮೇಸ್ತ್ರಿ ತಲೆಯೆತ್ತಿದ್ದರು. ಚೊಂಬನ್ನು ನೋಡಿದರು, ನನ್ನ ಮುಖ ನೋಡಿದರು. ಅವರ ಎಡಗೈ ನನ್ನ ಮುಖಕ್ಕೆ ಅಡ್ಡ ಬಂತು. ಎಷ್ಟು ಜೋರಾಗಿ ಬಂತೆಂದರೆ ನಾನು ಹಿಂದಕ್ಕೆ ಬಿದ್ದೆ. ಆ ಕೈ ಅವರ ಸ್ವಂತ ಮುಖಕ್ಕೆ ಅಡ್ಡ ಹೋಗಬೇಕಿತ್ತು. ನನ್ನ ಮೊಳಕೈಯ ಹತ್ತಿರ ಆಸಿಡ್ಡು ಸಿಡಿದ ಮೂರು ಕಲೆಗಳಿವೆ, ಒಂದೊಂದೂ ಮೆಣಸಿನ ಕಾಳಿನಷ್ಟು. ನನಗಾದದ್ದು ಅಷ್ಟೇ.

ಆಮೇಲೆ ಮಾಡಬೇಕಾದದ್ದನ್ನೆಲ್ಲ ನಾನು ಸರಿಯಾಗಿ ಮಾಡಿದೆ. ಅವರನ್ನು ನಲ್ಲಿಯ ಕೆಳಗೆ ಎಳೆದು, ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದು, ಆಟೋ ಬರುವ ತನಕ ನೀರು ಬಿಟ್ಟೆ. ಹಾಗೆ ಮಾಡಬೇಕೆಂದು ನನಗೆ ಕಲಿಸಿದ್ದರು. ಯಜಮಾನರು ಚೊಂಬು ಹಿಡಿದು ನಿಂತೇ ಇದ್ದರು. ವಿಜಯನಗರದ ಆ ಹೆಂಗಸು ಹಿತ್ತಿಲ ಬಾಗಿಲಿಗೆ ಬಂದು, ಸೆರಗು ಬಾಯಿಗೆ ಒತ್ತಿಕೊಂಡು, ‘ಶಿವನೇ… ಬೇಡಪ್ಪ, ನಮಗೆ ಈ ಕಲ್ಲು ಬೇಡ. ಇದು ಆಗಿಬರಲ್ಲ’ ಎಂದರು. ಅವರ ಸ್ವಂತ ತಾಯಿಯ ಕಲ್ಲುಗಳು.

ಬಲಗಣ್ಣು ಅಂದೇ ಹೋಯಿತು. ಎಡಗಣ್ಣಿಗೆ ಹಗಲು ರಾತ್ರಿಯ ವ್ಯತ್ಯಾಸ ಮಾತ್ರ ಉಳಿಯಿತು.

ಐದನೆಯ ದಿನ ದೊಡ್ಡಾಸ್ಪತ್ರೆಯ ವಾರ್ಡಿಗೆ ಪೊಲೀಸಿನವರೊಬ್ಬರು ಬಂದರು. ಯಜಮಾನರು ಮೂಸಂಬಿ ಚೀಲ ಹಿಡಿದು ಮಂಚದ ಕಾಲ ಬಳಿ ನಿಂತಿದ್ದರು. ಮೇಸ್ತ್ರಿಯ ಹೆಂಡತಿ ನೆಲದ ಮೇಲೆ ಕೂತಿದ್ದರು. ನಾನು ಆಗತಾನೆ ಮೇಸ್ತ್ರಿಗೆ, ‘ಸಾರ್, ಆ ಕಾಗೆಕಾಲು ಹೋಯ್ತು. ಬರೀ ಕೊಳೆ. ಕಲ್ಲು ನೀರಿನ ಹಾಗಿದೆ’ ಎಂದು ಹೇಳಿದ್ದೆ. ‘ಹೇಳಿದ್ನಲ್ಲ’ ಎಂದಿದ್ದರು, ಬ್ಯಾಂಡೇಜಿನ ಒಳಗಿನಿಂದ.

‘ಬಿಸಿ ಆಸಿಡ್ಡಿಗೆ ನೀರು ಹಾಕಿದ್ದು ಯಾರ್ರೀ?’ ಪೊಲೀಸಿನವರು ಕೇಳಿದರು.

‘ನಾನೇ ಹಾಕೀನ್ರಿ. ಅವಸರ ಆಗಿತ್ತು.’

ಯಜಮಾನರ ಕೈಯ ಚೀಲದ ಸದ್ದಾಯಿತು. ಪೊಲೀಸಿನವರು ನನ್ನ ಕಡೆ ತಿರುಗಿದರು.

‘ನೀವೂ ಅಲ್ಲೇ ಇದ್ರಂತೆ. ಹೌದೇನಮ್ಮ, ಇವರೇನಾ ಹಾಕಿದ್ದು?’

‘ಹೌದು ಸಾರ್’ ಎಂದೆ.

ಆ ಮನೆಗೆ ಬೀಗ ಬಿದ್ದರೆ ಸಾಣೆಯ ನಾಲ್ವರೂ ಬೀದಿಗೆ ಬರುತ್ತಾರೆಂದು ಮೇಸ್ತ್ರಿ ಹಾಗೆ ಹೇಳಿದ್ದು. ಅದು ಆಮೇಲೆ ಗೊತ್ತಾಯಿತು. ಆದರೆ ನನಗೆ ಆ ಕ್ಷಣ ಆದದ್ದು ದುಃಖವಲ್ಲ, ಹಗುರ. ಅವರೇ ಹಾಕಿದ್ದೆಂದಾದರೆ, ಪಕ್ಕದಲ್ಲಿ ಬಿ.ಎಸ್ಸಿ. ಓದಿದ ಹುಡುಗಿ ಏನು ಮಾಡುತ್ತಿದ್ದಳೆಂದು ಯಾರೂ ಕೇಳುವುದಿಲ್ಲ. ಯಾರೂ ಕೇಳಲಿಲ್ಲ.

ಬೀಗವಂತೂ ಬಿತ್ತು. ಮೂರು ತಿಂಗಳಿಗೆ ಯಜಮಾನರು ಚಕ್ರಗಳನ್ನು ಮಾರಿ ಬೇರೆ ವ್ಯಾಪಾರ ಹಿಡಿದರು. ಮೇಸ್ತ್ರಿಯ ಮನೆಗೆ ಕೆಲವು ಕಾಲ ಅಕ್ಕಿ ಮೂಟೆ ಬರುತ್ತಿತ್ತು, ಆಮೇಲೆ ಬರಲಿಲ್ಲ. ಅವರು ಬಾಡಿಗೆ ಕಡಿಮೆ ಎಂದು ಕೆಂಗೇರಿಗೆ ಹೋದರು. ನನಗೊಂದು ಸರ್ಕಾರಿ ಕೆಲಸ ಸಿಕ್ಕಿತು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಭಾನುವಾರ ಬಸ್ಸು ಹಿಡಿದು ಹೋಗಿಬರುತ್ತಿದ್ದೆ. ಚೊಂಬು ಬಗ್ಗುವ ಮೊದಲೇ ನನಗೆ ಗೊತ್ತಿತ್ತೆಂದು ಇವತ್ತು ಹೇಳಿಬಿಡಬೇಕು ಎಂದುಕೊಂಡು ಪ್ರತಿ ಸಲವೂ ಹೋಗುತ್ತಿದ್ದೆ. ಹಣ್ಣು ಕೊಟ್ಟು, ಚಹಾ ಕುಡಿದು, ಹೇಳದೆ ಬರುತ್ತಿದ್ದೆ.

ಒಮ್ಮೆ ಬೇಗ ಹೋದಾಗ ಅವರು ಪೂಜೆಗೆ ಕೂತಿದ್ದರು. ಎಡ ಅಂಗೈಯಲ್ಲಿ ಇಷ್ಟಲಿಂಗ. ದೃಷ್ಟಿಯಿಟ್ಟು ನೋಡುವುದೇ ಆ ಪೂಜೆ. ಕಲ್ಲು ನೋಡುವಾಗ ಹಿಡಿಯುತ್ತಿದ್ದಷ್ಟೇ ದೂರದಲ್ಲಿ ಅಂಗೈಯನ್ನು ಹಿಡಿದು, ಮುಖ ಬಗ್ಗಿಸಿ, ರೆಪ್ಪೆ ಮಿಟುಕಿಸದೆ ಕೂತಿದ್ದರು. ಅವರ ಹೆಂಡತಿ ಮೆಲ್ಲಗೆ, ‘ಮೊದಲಿಗಿಂತ ಈಗ ಹೆಚ್ಚು ಹೊತ್ತು ಕೂಡ್ತಾರವ್ವಾ’ ಎಂದರು.

ಕಡೆಯ ಸಲ ಹೋದದ್ದು ಒಂದು ಬೇಸಿಗೆಯ ಮಧ್ಯಾಹ್ನ. ಅವರು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಹೆಂಡತಿ ಪಕ್ಕದಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಅದೂ ಇದೂ ಮಾತಾಡಿದ ಮೇಲೆ ಮೇಸ್ತ್ರಿ ಕೇಳಿದರು:

‘ತಂಗಿ, ಒಂದು ಕೇಳ್ತೀನಿ. ಇಪ್ಪತ್ತು ವರ್ಷದ ಮ್ಯಾಲೇ ಕುದಿಸೀನಿ ನಾ. ಬಿಸಿ ಇದ್ದಾಗ ನೀರು ತೋರಸಬ್ಯಾಡ ಅಂತ ಮುಂಬಯಿದಾಗ ನಮ್ಮ ಉಸ್ತಾದ ಹೇಳಿದ್ದ. ಯಾಕ ಅಂತ ಅವಗೂ ಗೊತ್ತಿರಲಿಲ್ಲ. ಯಾಕ ಹಂಗ ಹಾರ್ತದ ಅದು?’

ಎಷ್ಟೋ ದಿನಗಳ ಮೇಲೆ ಅವರು ನನ್ನನ್ನು ಹೀಗೆ ಏನನ್ನಾದರೂ ಕೇಳಿದ್ದರು. ನನಗೆ ಖುಷಿಯಾಯಿತು. ಮುಂದಕ್ಕೆ ಸರಿದು ಕೂತು ಬಿಡಿಸಿ ಹೇಳಿದೆ.

‘ಗಂಧಕಾಮ್ಲ ನೀರಿಗಿಂತ ಭಾರ ಸಾರ್. ನೀರು ಹಾಕಿದ್ರೆ ತಳಕ್ಕೆ ಇಳಿಯಲ್ಲ, ಮೇಲೇ ನಿಂತ್ಕೊಳ್ಳತ್ತೆ. ಎರಡೂ ಸೇರೋ ಕಡೆ ಸಿಕ್ಕಾಪಟ್ಟೆ ಬಿಸಿ ಹುಟ್ಟತ್ತೆ. ಆ ಬಿಸಿಗೆ ನೀರು ಒಂದೇ ಸಲಕ್ಕೆ ಆವಿಯಾಗಿ, ಆಸಿಡ್ಡನ್ನೂ ಎತ್ಕೊಂಡು ಹಾರತ್ತೆ. ಅದಕ್ಕೇ ಯಾವಾಗ್ಲೂ ಆಸಿಡ್ಡನ್ನ ನೀರಿಗೆ ಹನಿಹನಿಯಾಗಿ ಬಿಡಬೇಕು, ನೀರನ್ನ ಆಸಿಡ್ಡಿಗೆ ಹಾಕ್ಲೇಬಾರ್ದು. ಕಾಲೇಜಲ್ಲಿ ಮೊದಲ್ನೇ ಪ್ರಾಕ್ಟಿಕಲ್ ಕ್ಲಾಸಲ್ಲೇ ಹೇಳಿಕೊಟ್ಟುಬಿಡ್ತಾರೆ ಸಾರ್.’

ಹೇಳಿ ಮುಗಿಸಿದ ಮೇಲೆ, ನಾನು ಹೇಳಿದ್ದು ನನಗೆ ಕೇಳಿಸಿತು.

ಅಕ್ಕಿಯ ಮೇಲೆ ಅವರ ಹೆಂಡತಿಯ ಕೈ ನಿಂತಿತ್ತು.

‘ಮೊದಲ್ನೇ ಕ್ಲಾಸಿನಾಗ’ ಎಂದರು ಮೇಸ್ತ್ರಿ.

‘ಹೌದು ಸಾರ್.’

ಅವರು ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡರು. ರಸ್ತೆಯಲ್ಲಿ ಒಂದು ಎತ್ತಿನ ಗಾಡಿ ದಾಟಿಹೋಯಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ, ಮೆತ್ತಗೆ, ಹೊರಗಿನವರೊಂದಿಗೆ ಮಾತನಾಡುವ ಹಾಗೆ ಹೇಳಿದರು:

‘ನಿಮ್ಮ ಬಸ್ಸಿನ ಹೊತ್ತಾತು ನೋಡ್ರಿ.’

ಮುಂದಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಅದು ನಮ್ಮ ಮೂವರಿಗೂ ಗೊತ್ತಿತ್ತು. ನಾನು ಎದ್ದೆ.